ಕಿವಿಬೂಚು ದಾಟಿದ ಸ್ಪೀಕರು

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಸೀನಿದವನಿಗೆ ತಾನು ಸೀನಿದ ಸಂಗತಿ ತಿಳಿಯುವುದು ಎದುರಿಗಿದ್ದವನು ಮುಖ ಒರೆಸಿಕೊಂಡಾಗಲೇ. ಮಷೀನಿನ ಸದ್ದು ಅಷ್ಟಿದೆ. ಕಾಳಿ ನದಿಯ ಮೊಸಳೆಗಳು ಕೂಡ ಮಿಲ್ಲಿನ ಕಡೆಗೆ ಬಾಲ ಹಾಕಿ ಮಲಗುತ್ತವೆಯೇ ಹೊರತು ತಲೆ ಹಾಕುವುದಿಲ್ಲ. ನಂಬದವರು ಹೋಗಿ ನೋಡಬಹುದು, ಮೊಸಳೆಗಳು ಅಲ್ಲೇ ಇವೆ.

ಅದಕ್ಕೇ ಮಷೀನಿನ ಮುಂದೆ ನಿಲ್ಲುವವರು ಕಿವಿಗೆ ಹಳದಿ ಸ್ಪಂಜಿನ ಬೂಚು ತುರುಕಿಕೊಂಡು, ಮಾತಿನ ಕೆಲಸವನ್ನು ಕೈಗಳಿಗೆ ವಹಿಸಿಕೊಟ್ಟಿದ್ದಾರೆ. ತೋರುಬೆರಳು ಮೇಲಕ್ಕೆ ಕುಣಿದರೆ ‘ಹೆಚ್ಚಿಸು’. ಅಂಗೈ ಕೆಳಕ್ಕೆ ಒತ್ತಿದರೆ ‘ಇಳಿಸು’. ಎದೆಯ ಮೇಲೆ ಕೈಯಿಟ್ಟರೆ ‘ಸರಿಹೋಯಿತು’. ಇಲ್ಲದ ಮೀಸೆ ತಿರುವಿದರೆ ‘ಸಾಹೇಬರು ಬಂದರು’. ಮಿಕ್ಕ ಲೋಕವ್ಯವಹಾರವೆಲ್ಲ ತುಟಿ ನೋಡಿ ಓದಿಕೊಳ್ಳುವಂಥದ್ದು. ಪಾಳಿ ಮುಗಿಸಿ ಹೊರಬಂದರೂ ಎಷ್ಟೋ ಜನ ಚಹಾದಂಗಡಿಯಲ್ಲಿ ಬೆರಳು ಕುಣಿಸಿಯೇ ಸಕ್ಕರೆ ಹೆಚ್ಚು ಹಾಕಿಸಿಕೊಳ್ಳುತ್ತಾರೆ.

ಇಂಥ ಮಷೀನಿನ ಮುಂದೆ ನಿಂತು ಹಾಡು ಕಲಿತವನು ಬಂಗೂರನಗರದ ಮಹಾಬಳೇಶ್ವರ. ತನ್ನ ದನಿ ತನಗೇ ಕೇಳದ ಜಾಗದಲ್ಲಿ ರಿಯಾಜು ಮಾಡಿದ್ದರಿಂದ ಅವನಿಗೆ ತನ್ನ ಹಾಡಿನಲ್ಲಿ ಒಂದು ತಪ್ಪೂ ಕಂಡಿರಲಿಲ್ಲ. ಕೀಬೋರ್ಡಿಗೆ ಶಿವಯೋಗಿ, ಢೋಲಕ್ಕಿಗೆ ಲಗಮಪ್ಪ, ಇಬ್ಬರೂ ಅದೇ ಪಾಳಿಯವರು. ಮೂವರು ಸೇರಿ ‘ಕಾಳಿತೀರ ಮೆಲೋಡೀಸ್’ ಎಂಬ ಬ್ಯಾಂಡ್ ಕಟ್ಟಿದ್ದರು. ಬ್ಯಾನರು ಇತ್ತು, ಒಂದೇ ಬಣ್ಣದ ಅಂಗಿಗಳಿದ್ದವು, ವಿಸಿಟಿಂಗ್ ಕಾರ್ಡೂ ಇತ್ತು. ಸ್ಪೀಕರು ಮಾತ್ರ ಇರಲಿಲ್ಲ.

ಹೀಗಿರುವಾಗ ಮುಂಡಗೋಡ ತಾಲೂಕಿನ ಇಂದೂರಿನಿಂದ ಮಾವ ಕರಿಬಸಪ್ಪನ ಫೋನು ಬಂತು.

“ಅಳಿಯಂದ್ರ, ಸಣ್ಣಾಕಿ ಲಕ್ಷ್ಮೀದೇವಿದು ಕುಬಸ ಇಟಗೊಂಡೇವಿ. ನಮ್ಮ ತಮ್ಮನ ಮಗ ವೀರೇಶ ತನ್ನ ಡಿಜೆ ಹಚ್ಚತೇನಿ ಅನ್ನಾಕತ್ತಾನ.”

ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಜಾಗದಲ್ಲಿ ಡಿಜೆ! ಮಹಾಬಳೇಶ್ವರನ ಬಾಯಿ ಅವನನ್ನು ಕೇಳದೆಯೇ ಹೊರಟುಬಿಟ್ಟಿತು.

“ಡಿಜೆ ಯಾಕ ಮಾವಾರ? ನಮ್ಮ ಬ್ಯಾಂಡ್ ಸತ್ತೈತೇನು? ನಮ್ಮವು ಸ್ವಂತ ಸ್ಪೀಕರ್ ಅದಾವ. ಒಮ್ಮೆ ಬಾಯಿ ಬಿಟ್ಟರ ನಿಮ್ಮೂರ ಕೆರಿ ನೀರು ದಂಡಿ ಮ್ಯಾಲ ಬಂದು ಕುಂದರತಾವ!”

ಕರಿಬಸಪ್ಪ ವ್ಯಾಪಾರಸ್ಥ ಮನುಷ್ಯ, ಮಾತನ್ನೂ ತೂಗಿಯೇ ಕೊಳ್ಳುವವನು.

“ಕೆರಿ ಅಲ್ಲೇ ಇರಲಿ. ನನಗ ನಿಮ್ಮ ಅತ್ತಿ ಒಡಪು ಕೇಳಬೇಕು. ಅಷ್ಟ.”

ಒಡಪು ಎಂದರೆ ಹೆಂಗಸರು ಶುಭಕಾರ್ಯದಲ್ಲಿ ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಸೇರಿಸಿ ಹೇಳುವುದು. ಎಲ್ಲರೂ ಹೇಳುತ್ತಾರೆ, ಎಲ್ಲರ ಗಂಡಂದಿರೂ ಕಿವಿ ನೆಟ್ಟಗೆ ಮಾಡಿ ಕೇಳುತ್ತಾರೆ. ಆದರೆ ಅತ್ತೆ ಗಿರಿಜಾಬಾಯಿಯ ದನಿ ಎಷ್ಟು ಮೆತ್ತಗಿತ್ತೆಂದರೆ, ಆಕೆ ಬೈದರೂ ಬೈಸಿಕೊಂಡವರು ಆಶೀರ್ವಾದವೆಂದು ತಿಳಿದು ನಮಸ್ಕಾರ ಮಾಡುತ್ತಿದ್ದರು. ಕರಿಬಸಪ್ಪನ ಮದುವೆಯಲ್ಲಿ ಆ ಒಡಪನ್ನು ಬಾಜಾಬಜಂತ್ರಿ ನುಂಗಿತು. ಹಿರಿಯ ಮಗಳು ವಿದ್ಯಾವತಿಯ ಮದುವೆಯಲ್ಲಿ ಪಟಾಕಿ ನುಂಗಿತು. ಕಿರಿಯಳ ಮದುವೆಯಲ್ಲಿ ವೀರೇಶನ ಡಿಜೆ ಒಡಪಿನ ಜೊತೆಗೆ ಮಂಗಲಾಷ್ಟಕವನ್ನೂ ನುಂಗಿ ತೇಗಿತು. “ಏನಂದಿ?” ಎಂದು ಕರಿಬಸಪ್ಪ ಪ್ರತಿ ಸಲವೂ ಕೇಳುವುದು, “ಹೇಳಿದ್ದು ಹೇಳಿದ್ದಾತು” ಎಂದು ಆಕೆ ಅಡಿಗೆಮನೆಗೆ ಹೋಗುವುದು. ತನ್ನ ಹೆಸರನ್ನು ಹೆಂಡತಿಯ ಬಾಯಲ್ಲಿ ಕೇಳದೆಯೇ ಆ ಮನುಷ್ಯನ ಕೂದಲು ಬೆಳ್ಳಗಾಗಿದ್ದವು.

“ಗಂಡಸರು ಕುಂದ್ರೂದು ಅಂಗಳದಾಚಿ ಬೇವಿನ ಕಟ್ಟಿ ಮ್ಯಾಲ,” ಎಂದ ಕರಿಬಸಪ್ಪ. “ಅಲ್ಲಿಗೆ ಒಡಪು ಅಕ್ಷರ ಅಕ್ಷರ ಕೇಳಿದರ ಇನ್ನು ನಮ್ಮ ಬೀಗರು ಬಿಜ್ಜರ ಎಲ್ಲಾ ಕಾರ್ಯಕ್ಕೂ ನಿಮ್ಮದ ಬ್ಯಾಂಡು. ಕೇಳಲಿಲ್ಲಂದರ ಆ ನಿಮ್ಮ ಬಾಜಿ ಪೆಟಗಿ ಅಟ್ಟಕ್ಕ. ಆಮ್ಯಾಲೆ ಮಾವ ಸರಿ ಇಲ್ಲ ಅನ್ನಬ್ಯಾಡ್ರಿ.”

“ಒಪ್ಪಿದೆ ಮಾವಾರ!” ಎಂದು ಮಹಾಬಳೇಶ್ವರ ಫೋನಿಟ್ಟ.

“ಯಾವ ಸ್ಪೀಕರ್ ರೀ?” ಎಂದಳು ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದ ವಿದ್ಯಾವತಿ. “ನಿಮಗಿರೂದು ಬಾಯಿ ಒಂದ.”

*

ಮರುದಿನ ಮೊದಲ ಪಾಳಿ ಮುಗಿದದ್ದೇ ತಡ, ಮೂವರೂ ಯೂನಿಫಾರ್ಮಿನಲ್ಲೇ ಮೋಟರ್‌ಸೈಕಲ್ ಏರಿ ಶಿವಲಿಂಗಪ್ಪನ ಎಲೆಕ್ಟ್ರಿಕಲ್ ಅಂಗಡಿಗೆ ಧಾವಿಸಿದರು. ಮುಂದೆ ಮಿಕ್ಸರು, ನಡುವೆ ಫ್ಯಾನು, ಹಿಂದೆ ಸ್ಪೀಕರು, ಇದು ಆ ಅಂಗಡಿಯ ಕ್ರಮ. ಕಿವಿಯ ಬೂಚು ತೆಗೆಯುವುದು ಮೂವರಿಗೂ ಮರೆತಿತ್ತು. ಹೊರಗಿನವರು ನಗಬಹುದು, ಆದರೆ ದಿನವೆಲ್ಲ ಕನ್ನಡಕ ಹಾಕಿದವನಿಗೆ ಕನ್ನಡಕ ಮರೆಯುವುದಿಲ್ಲವೇ? ಕೈಗಳು ಮಾತಾಡುತ್ತಿದ್ದವು, ಕಣ್ಣುಗಳು ಕೇಳುತ್ತಿದ್ದವು, ಕಿವಿಯ ಕೊರತೆ ಯಾರಿಗೂ ಕಾಣಲಿಲ್ಲ.

“ಪವರ್ಡ್ ಸ್ಪೀಕರ್ ತಗೋರಿ,” ಎಂದು ಶಿವಲಿಂಗಪ್ಪ ತುಟಿ ಅಲ್ಲಾಡಿಸಿದ. “ಆಂಪ್ಲಿಫೈಯರ್ ಹೊಟ್ಟ್ಯಾಗನ ಐತಿ. ಬ್ಯಾರೆ ಡಬ್ಬಿ ಹೊರೂದು ಬ್ಯಾಡ. ವೈರ್ ಚುಚ್ಚೂದು, ಹಾಡೂದು.”

ಮೂವರೂ ತಲೆದೂಗಿದರು. ಮೊದಲಿಗೆ ಅವನು ಆಳೆತ್ತರದ ಪೆಟ್ಟಿಗೆಯೊಂದನ್ನು ಎಳೆತಂದ. ಮೈತುಂಬ ನೀಲಿ ದೀಪ, ನೆತ್ತಿಯ ಮೇಲೆ ‘ಎರಡು ಸಾವಿರ ವ್ಯಾಟ್’ ಎಂಬ ಚೀಟಿ. ಹಾಡು ಹಚ್ಚಿದ. ಲಗಮಪ್ಪ ಬೆರಳು ಮೇಲಕ್ಕೆ ಕುಣಿಸಿದ. ಶಿವಲಿಂಗಪ್ಪ ಹೆಚ್ಚಿಸಿದ. ಶಿವಯೋಗಿಯೂ ಬೆರಳು ಕುಣಿಸಿದ. ಇನ್ನೂ ಹೆಚ್ಚಿಸಿದ. ಮಹಾಬಳೇಶ್ವರ ಎರಡೂ ಕೈಯ ಬೆರಳು ಕುಣಿಸಿದ.

ಆಗ ಅಂಗಡಿಯ ಫ್ಯಾನುಗಳೆಲ್ಲ ಕರೆಂಟಿಲ್ಲದೆ ತಿರುಗತೊಡಗಿದವು. ಪೇರಿಸಿಟ್ಟ ಕುಕ್ಕರುಗಳು ಇಸ್ತ್ರಿಪೆಟ್ಟಿಗೆಗಳ ಮೇಲೆ ಬಿದ್ದವು. ಪಕ್ಕದಲ್ಲಿ ಹೊಲಿಗೆ ಅಂಗಡಿಯಿಟ್ಟಿದ್ದ ನಿರ್ಮಲಾ ಕೈಯಲ್ಲೊಂದು ಬಟ್ಟೆ ಹಿಡಿದು ನುಗ್ಗಿ ಬಂದಳು.

“ಶಿವಲಿಂಗಣ್ಣಾ! ನಿನ್ನ ಸಪ್ಪಳಕ್ಕ ನನ್ನ ಮಷೀನ್ ತಾನ ಓಡೇತಿ! ಬ್ಲೌಸಿನ ತೋಳು ಕೊರಳಿಗೆ ಕೂಡೇತಿ ನೋಡಿಲ್ಲಿ! ಇದನ್ನ ಯಾರು ತೊಡಬೇಕು, ನಿನ್ನ ಹೇಣ್ತಿ?”

“ನನಗ ಯಾಕ ಬೈತೀಯವ್ವಾ? ಇವರಿಗೆ ಸಾಲವಲ್ದು!”

ಮೂವರೂ ಒಟ್ಟಿಗೆ ಕೈಯಲ್ಲಾಡಿಸಿದರು. ಬೇಡ. “ಬರೇ ಗುಂಯ್ ಅಂತೈತಿ,” ಎಂದ ಮಹಾಬಳೇಶ್ವರ, ಮೂರು ಓಣಿಗೆ ಕೇಳುವ ದನಿಯಲ್ಲಿ. “ಮಾತ ಬರವಲ್ದು!”

ಎರಡನೆಯ ಪೆಟ್ಟಿಗೆ ಬಂತು, ಮೂರನೆಯದು ಬಂತು. ಎದುರಿನ ಮರದ ಕಾಗೆಗಳು ಸಂಸಾರ ಸಮೇತ ಜೋಯಿಡಾ ಕಾಡಿಗೆ ವಲಸೆ ಹೋದವು. ಮೂವರೂ ಮಾತ್ರ ತಪಸ್ಸಿಗೆ ಕೂತ ಋಷಿಗಳಂತೆ ನಿರ್ವಿಕಾರವಾಗಿ ನಿಂತಿದ್ದರು. ಗುಂಯ್ ಎನ್ನುವುದು ಬೂಚಿನ ಒಳಕ್ಕೂ ಬರುತ್ತಿತ್ತು. ಮಾತೆಂಬುದು ಒಂದೂ ಬರುತ್ತಿರಲಿಲ್ಲ.

ಶಿವಲಿಂಗಪ್ಪ ಸೋತು, ಬೆವರು ಒರೆಸಿಕೊಂಡು, “ನೀವು ಸಿಡಿಲ ಖರೀದಿ ಮಾಡ್ರಿ” ಎಂದು ಎಲ್ಲ ಬಂದ್ ಮಾಡಿದ. ಗಿರಾಕಿ ಬಂದರೆಂದು ಬಂದ್ ಮಾಡಿಟ್ಟಿದ್ದ ಬಾಗಿಲಿನ ಸಣ್ಣ ಸ್ಪೀಕರನ್ನು ಮತ್ತೆ ಹಚ್ಚಿದ. ಅದೂ ಪವರ್ಡೇ, ಆದರೆ ಅಂಗಡಿಯಲ್ಲೇ ಅಗ್ಗದ್ದು; ಹಾಲಿನ ಕ್ಯಾನಿನಷ್ಟು ಎತ್ತರ, ದೀಪವಿಲ್ಲ, ಚೀಟಿಯಿಲ್ಲ. ಜಾಹೀರಾತು ಕೂಗುವುದೊಂದೇ ಅದರ ಕೆಲಸ.

“ಹಳೇ ಮಿಕ್ಸರ್ ತರ್ರಿ, ಹೊಸಾ ಮಿಕ್ಸರ್ ಒಯ್ರಿ!”

ಲಗಮಪ್ಪನ ಕಣ್ಣರಳಿದವು. ಆ ಕಡೆ ತಿರುಗಿ, ತುಟಿ ನೋಡದೆ, “ಮಿಕ್ಸರ್,” ಎಂದ. ಶಿವಯೋಗಿ, “ಹಳೇದು ತಂದ್ರ ಹೊಸಾದು,” ಎಂದ. ಮೂವರೂ ಒಮ್ಮೆಲೇ ಎದೆಯ ಮೇಲೆ ಕೈಯಿಟ್ಟುಕೊಂಡರು.

ಶಿವಲಿಂಗಪ್ಪನ ಜೀವ ಬಾಯಿಗೆ ಬಂತು. ಮೂರು ಜನ ಗಿರಾಕಿಗಳಿಗೆ ಒಂದೇ ಹೊತ್ತಿಗೆ ಎದೆ ಹಿಡಿದುಕೊಂಡಿದೆ! “ನಿರ್ಮಲಾ, ನೀರು ತಾ! ಯಾರರ ಆಟೋ ಕರೀರ್ಯೋ! ನನ್ನ ಅಂಗಡ್ಯಾಗ ಸಾಯಬ್ಯಾಡ್ರಪಾ, ನಿಮ್ಮ ಕಾಲು ಬೀಳತೇನಿ!” ನಿರ್ಮಲಾ ತಂಬಿಗೆ ನೀರನ್ನು ಮಹಾಬಳೇಶ್ವರನ ಮುಖಕ್ಕೆ ಹೊಡೆದಳು, ಬ್ಲೌಸಿನ ಸಿಟ್ಟೂ ಅದರಲ್ಲಿ ಸ್ವಲ್ಪ ಇತ್ತು.

ಅಷ್ಟರಲ್ಲಿ ಸದ್ದಿನ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ಬಂದ. ಮುಖದಿಂದ ನೀರು ಸುರಿಯುತ್ತಿದ್ದ ಮಹಾಬಳೇಶ್ವರನನ್ನು ಸುತ್ತಲೂ ನೋಡಿದ.

“ಏ, ಕಿವ್ಯಾಗ ಏನೈತೋ ಅದು?”

ಲಾಠಿ ಕಂಕುಳಲ್ಲಿಟ್ಟು, ಎರಡು ಬೆರಳಲ್ಲಿ ಬೂಚನ್ನು ಹೊರಗೆಳೆದ. ಜಗತ್ತಿನ ಸದ್ದೆಲ್ಲ ಒಮ್ಮೆಲೇ ಮಹಾಬಳೇಶ್ವರನ ತಲೆಯೊಳಗೆ ಸುರಿಯಿತು. ಶಿವಯೋಗಿ ತನ್ನ ಕಿವಿ ಮುಟ್ಟಿ ನೋಡಿಕೊಂಡು ನಾಲಿಗೆ ಕಚ್ಚಿದ. ಬಾಗಿಲಲ್ಲಿ ಅರ್ಧ ದಾಂಡೇಲಿ ನೆರೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಮಿಕ್ಸರಿನ ಜಾರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಮಹಾಬಳೇಶ್ವರ ಎದೆ ಸೆಟೆಸಿದ.

“ಇದು ಮಿಲ್ಲಿನ ಪರೀಕ್ಷಾ ರೀ ಸಾಹೇಬ್ರ! ಬರೇ ಕಿವೀಲೆ ಕೇಳಿದರ ಎಲ್ಲಾನೂ ಚಲೋನ ಅನಸತಾವ. ಬೂಚು ದಾಟಿ ಮಾತು ಬರಬೇಕು, ಅದು ಸ್ಪೀಕರು. ಉಳಿದದ್ದೆಲ್ಲಾ ಕಟಗಿ ಪೆಟಗಿ.”

ಕಾನ್‌ಸ್ಟೇಬಲ್ ಗಂಭೀರನಾದ. “ಹೌದೇನು?” ಎಂದು ಬೂಚನ್ನು ತನ್ನ ಕಿವಿಯಲ್ಲಿಟ್ಟುಕೊಂಡು ನೋಡಿದ. “ಮಿಕ್ಸರ್ ಅಂತು,” ಎಂದ ಮೆಚ್ಚಿಕೊಂಡು.

ಅಂಥ ಎರಡು ಸಣ್ಣ ಸ್ಪೀಕರುಗಳನ್ನು ಮೂವರ ಜೇಬೂ ನೋಯದಂತೆ ಕೊಂಡು, ಹೊಟ್ಟೆಗೆ ಕಟ್ಟಿಕೊಂಡು ಅವರು ಮನೆಗೆ ಹೋದರು.

*

ಸುದ್ದಿ ಮಾತ್ರ ಮನೆಗೆ ಹೋಗಲಿಲ್ಲ, ಬಸ್ಸು ಹತ್ತಿತು. ದಾಂಡೇಲಿ ಬಿಡುವಾಗ ಅದು “ಕಿವಿಗೆ ಬೂಚು ಹಾಕ್ಕೊಂಡ ಸ್ಪೀಕರ್ ತಗೊಂಡರಂತ” ಎಂದಷ್ಟೇ ಇತ್ತು. ಹಳಿಯಾಳ ಮುಟ್ಟುವುದರಲ್ಲಿ, ಬೂಚಿಲ್ಲದೆ ಕೇಳಿದವರ ಗತಿ ಏನಾಯಿತೆಂದು ಜನ ತಾವೇ ಊಹಿಸಿ, ಅಂಗಡಿಯ ಮಾಡು ಹಾರಿಸಿದ್ದರು. ಮುಂಡಗೋಡದ ಸಂತೆಯಲ್ಲಿ ಪೊಲೀಸರೇ ಕಿವಿ ಮುಚ್ಚಿಕೊಂಡು ಓಡಿದ್ದರು. ಇಂದೂರಿಗೆ ಬಂದಾಗ ಮೂವರು ಗಿರಾಕಿಗಳು ಎದೆ ಹಿಡಿದುಕೊಂಡು ಬಿದ್ದಿದ್ದರು, ಬದುಕಿದ್ದು ಶಿವನ ದಯೆ.

ಕರಿಬಸಪ್ಪನ ಮನೆಗೆ ಪಂಚಾಯ್ತಿ ಮೆಂಬರ್ ತಾಯವ್ವ ಬಂದಳು. “ಕರಿಬಸಣ್ಣಾ, ನೀರಿನ ಟಾಕಿ ಹೊಸಾದೈತಿ. ಬಿರಕ ಬಿಟ್ಟರ ಕಟ್ಟಿಸಿಕೊಡಾವ ನೀನು, ಹೇಳಿರತೇನಿ.” ಆಕೆಯ ಹಿಂದೆಯೇ ಫಾರೆಸ್ಟ್ ಗಾರ್ಡು. “ಕಾಡಿನ ಕಡೆ ಮುಖ ಮಾಡಿ ಹಚ್ಚಬ್ಯಾಡ್ರಿ ಯಜಮಾನ್ರ. ಚಿರತಿ ಊರಿಗೆ ಬಂದರ ಹುಲ್ಲು ಹಾಕಿ ಕಳಸಾಕ ಬರೂದಿಲ್ಲ.”

ಕರಿಬಸಪ್ಪ ಗಾಬರಿಯಾಗಿ ಫೋನು ಹಚ್ಚಿದ. “ಅಳಿಯಂದ್ರ, ಎಮ್ಮಿ ಎಲ್ಲಿ ಕಟ್ಟೂಣು?”

ಮಹಾಬಳೇಶ್ವರ ತನ್ನ ಮುಂದಿದ್ದ ಸ್ಪೀಕರುಗಳನ್ನು ನೋಡಿದ. ಬೂಚು ತೆಗೆದು ಕೇಳಿದರೆ ಅವು ಯಾವ ಮಾಡನ್ನೂ ಹಾರಿಸುವಂತಿರಲಿಲ್ಲ. ಒಂದರ ಮೇಲೆ ವಿದ್ಯಾವತಿ ಆಗಲೇ ಹಪ್ಪಳ ಒಣಹಾಕಿದ್ದಳು. ನಿಜ ಹೇಳಲು ಇದೇ ಒಳ್ಳೆಯ ಸಮಯವೆಂದು ಅವನ ಬುದ್ಧಿ ಹೇಳಿತು. ಬಾಯಿ ಯಾವತ್ತಿನಂತೆ ಬುದ್ಧಿಗಿಂತ ಮುಂದಿತ್ತು.

“ಸ್ವಲ್ಪ ದೂರ ಕಟ್ಟರಿ ಮಾವಾರ. ಹಾಲು ಮೊಸರಾದೀತು.”

“ರೀ!” ಎಂದಳು ವಿದ್ಯಾವತಿ. “ನಮ್ಮಪ್ಪ ಖರೇ ಅಂತ ತಿಳಕೋತಾನ!”

“ತಿಳಕೊಳ್ಳಲಿ. ಸಪ್ಪಳ ಅಂಜಿಸಾಕ, ಸ್ಪೀಕರ್ ಕೇಳಸಾಕ.”

“ಕೇಳಸಲಿಲ್ಲಂದ್ರ? ನಾ ತವರಮನಿಗೆ ಯಾವ ಮುಖಾ ಹೊತಗೊಂಡ ಹೋಗಲಿ?” ಎಂದು ಆಕೆ ಹಪ್ಪಳ ತೆಗೆದುಕೊಂಡು ಒಳಗೆ ಹೋದಳು. ಮಹಾಬಳೇಶ್ವರನಿಗೆ ಅಟ್ಟದ ಮೇಲೆ ಧೂಳು ತಿನ್ನುವ ಕೀಬೋರ್ಡಿನ ಚಿತ್ರ ಮೊದಲ ಸಲ ಸ್ಪಷ್ಟವಾಗಿ ಕಂಡಿತು.

*

ಕುಬಸದ ದಿನ ಇಂದೂರಿಗೆ ಇಂದೂರೇ ಅಂಗಳದಲ್ಲಿತ್ತು. ಹೆಂಗಸರು ಸೆರಗಿನ ತುದಿ ಕಿವಿಗೆ ತುರುಕಿಕೊಂಡಿದ್ದರು. ಎಮ್ಮೆಗಳು ಪಕ್ಕದ ಊರಿನ ಹೊಲದಲ್ಲಿ ಅತಿಥಿಗಳಾಗಿದ್ದವು. ವೀರೇಶ ತನ್ನ ಟ್ರ್ಯಾಕ್ಟರ್ ಟ್ರೇಲರಿನ ತುಂಬ ಡಿಜೆ ಪೆಟ್ಟಿಗೆ ಪೇರಿಸಿ ಯುದ್ಧಕ್ಕೆ ಸಿದ್ಧನಾಗಿ ನಿಂತಿದ್ದ. ಲಾರಿ ಬರುತ್ತದೆ, ಎರಡು ಲಾರಿ ಬರುತ್ತವೆ ಎಂದು ಕಾದವರ ಎದುರಿಗೆ ಒಂದು ಓಮ್ನಿ ಬಂದು ನಿಂತು, ಅದರ ಹೊಟ್ಟೆಯಿಂದ ಹಾಲಿನ ಕ್ಯಾನಿನಷ್ಟು ಎತ್ತರದ ಎರಡು ಕರಿ ಪೆಟ್ಟಿಗೆ ಇಳಿದವು.

ಜನ ಓಮ್ನಿಯ ಒಳಗೆ ಮತ್ತೇನಾದರೂ ಇದೆಯೇ ಎಂದು ಇಣುಕಿ ನೋಡಿದರು. ಕೊನೆಗೆ ಮುದುಕಿ ಶಿವವ್ವ ಸೆರಗು ಕಿವಿಯಿಂದ ತೆಗೆದು ಹೇಳಿದಳು: “ಇವು ಮರಿ ಇರಬೇಕು ತಗೀರಿ. ತಾಯಿ ಹಿಂದಿಂದ ಬರತೈತಿ.”

ಆಗ ಎದ್ದ ನಗೆಗೆ ಚಪ್ಪರದ ಮಾವಿನೆಲೆ ಉದುರಿದವು. ಕರಿಬಸಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. “ಇದಕ್ಕ ನನ್ನ ಎಮ್ಮಿ ವನವಾಸ ಮಾಡಿದವೇನು?”

“ಮಾಮಾ, ನೀವು ಆರಾಮ ಕುಂದರ್ರಿ,” ಎಂದ ವೀರೇಶ ಮಹಾಬಳೇಶ್ವರನ ಭುಜ ತಟ್ಟಿ. “ಕಾರ್ಯಕ್ರಮ ನಾ ನಡಸತೇನಿ.”

ಅವನು ಟ್ರೇಲರ್ ಹತ್ತಿ, ಕಂಬದಿಂದ ಎಳೆದ ವೈರು ಸೇರಿಸಿ, ಗುಂಡಿ ಒತ್ತಿದ. ಒಂದೇ ಒಂದು ‘ಢಂ’. ಆ ಢಂ ಡಿಜೆಯದೋ ಊರಿನ ಟ್ರಾನ್ಸ್‌ಫಾರ್ಮರಿನದೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಊರಿನ ಫ್ಯಾನುಗಳೆಲ್ಲ ನಿಂತವು. ಡಿಜೆಯ ದೀಪಗಳು ಕಣ್ಣು ಮುಚ್ಚಿದವು. ವೀರೇಶ ಬಾಯಿ ತೆರೆದವನು ಹಾಗೆಯೇ ಉಳಿದ.

“ಲೈನ್‌ಮನ್ನಗ ಫೋನ್ ಮಾಡ್ರಿ!” ಎಂದು ತಾಯವ್ವ ಕೂಗಿದಳು.

“ಲೈನ್‌ಮನ್ ಇಲ್ಲೇ ಊಟಕ್ಕ ಬಂದಾನ,” ಎಂದ ಯಾರೋ. ಹೋಳಿಗೆ ಕೈಯಲ್ಲಿದ್ದ ಲೈನ್‌ಮನ್, ಉಣ್ಣದೆ ಏಳುವುದಿಲ್ಲವೆಂದ.

ಶಿವಯೋಗಿ ಮೆಲ್ಲನೆ ಕರಿಬಸಪ್ಪನ ಪಡಸಾಲೆ ಹೊಕ್ಕು, ಟಿವಿಗೆಂದು ಹಾಕಿಸಿದ್ದ ಇನ್ವರ್ಟರಿಗೆ ವೈರು ಚುಚ್ಚಿದ. ಆಳೆತ್ತರದ ಡಿಜೆಗೆ ಊರಿನ ಟ್ರಾನ್ಸ್‌ಫಾರ್ಮರ್ ಸಾಲದೇ ಹೋದ ದಿನ, ಎರಡು ‘ಮರಿ’ಗಳು ಧಾರಾವಾಹಿ ನೋಡುವ ಕರೆಂಟಿನಲ್ಲಿ ಕಣ್ಣು ಬಿಟ್ಟವು. ಮಹಾಬಳೇಶ್ವರ ಮೈಕು ಹಿಡಿದ. ‘ಕುಂಯ್’ ಎಂದು ಸ್ಪೀಕರು ಚೀರಿತು. ವೀರೇಶನ ಬಾಯಿ ಈಗ ನಗಲು ತೆರೆಯಿತು. ಶಿವಯೋಗಿ ಸ್ಪೀಕರುಗಳನ್ನು ಮೈಕಿನಿಂದ ಮುಂದಕ್ಕೆ ಸರಿಸಿ, ಜನರ ತಲೆಗಿಂತ ಎತ್ತರಕ್ಕೆ ಜೋಳದ ಚೀಲಗಳ ಮೇಲಿಟ್ಟ. ಚೀರುವುದು ನಿಂತಿತು.

ಲಗಮಪ್ಪ ದೂರದ ಬೇವಿನ ಕಟ್ಟೆಗೆ ಹೋಗಿ ಕರಿಬಸಪ್ಪನ ಪಕ್ಕದಲ್ಲೇ ಕೂತಿದ್ದ. ಅಲ್ಲಿಂದ ಶಿವಯೋಗಿಗೆ ಬೆರಳು ಮೇಲಕ್ಕೆ ಕುಣಿಸಿದ, ಅಂಗೈ ಕೆಳಕ್ಕೆ ಒತ್ತಿದ, ಮತ್ತೆ ಬೆರಳು ಕುಣಿಸಿದ.

“ಯಾಕೋ ತಮ್ಮಾ,” ಎಂದ ಕರಿಬಸಪ್ಪ, “ನೊಣ ಭಾಳ ಅದಾವೇನು?”

ಲಗಮಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. ಕರಿಬಸಪ್ಪ ಮಗ್ಗುಲಿಗೆ ಸರಿದು ಕೂತ. ಎದೆ ಹಿಡಿದುಕೊಳ್ಳುವ ಸುದ್ದಿ ಅವನೂ ಕೇಳಿದ್ದ.

ಆರತಿಯ ಹಾಡಾಯಿತು. ಹಸಿರು ಬಳೆ, ಹಸಿರು ಸೀರೆಯ ಲಕ್ಷ್ಮೀದೇವಿ ನಗುತ್ತ ಕೂತಿದ್ದಳು. ಹೆಂಗಸರು ಗಿರಿಜಾಬಾಯಿಯನ್ನು ಮುಂದೆ ತಳ್ಳಿದರು. “ಒಡಪು ಹೇಳ್ರೀ, ಅಜ್ಜಿ ಆಗೂಕಿಂತ ಮೊದಲ ಹೇಳಿಬಿಡ್ರಿ!” ವಿದ್ಯಾವತಿ ತಾಯಿಯ ಬಾಯಿಗೆ ಮೈಕು ಹಿಡಿದಳು. ಮಹಾಬಳೇಶ್ವರನ ಬ್ಯಾನರು, ಅಂಗಿ, ಕಾರ್ಡು ಎಲ್ಲ ಆ ಮೆತ್ತನೆಯ ದನಿಗೆ ಜೋತುಬಿದ್ದಿದ್ದವು.

ಗಿರಿಜಾಬಾಯಿ ಸೆರಗು ಸರಿಮಾಡಿಕೊಂಡಳು. ಗಂಡ ಅಷ್ಟು ದೂರದಲ್ಲಿದ್ದಾನೆ, ಯಾವ ಕಾಲಕ್ಕೂ ಕೇಳಿದವನಲ್ಲ, ಈಗೇನು ಕೇಳುತ್ತಾನೆ ಎಂಬ ಧೈರ್ಯ ಬಂದಿರಬೇಕು. ಯಾವತ್ತಿನ ಇರುವೆ ದನಿಯಲ್ಲಿ ಹೇಳಿದಳು:

“ಬದನಿಕಾಯಿ ಎಣಗಾಯಿ, ಮ್ಯಾಲ ಗುರೆಳ್ಳ ಪುಡಿ,
ಕರಿಬಸಪ್ಪನವರ ಗೊರಕಿ ಕೇಳಿ ಗುಬ್ಬಿ ಹಾರ್ತಾವ ಜೋಡಿ.”

ಆ ಕ್ಷಣವೇ ಬೇವಿನ ಕಟ್ಟೆಯಿಂದ ಒಂದು ಗರ್ಜನೆ ಬಂತು. ಅದಕ್ಕೆ ಸ್ಪೀಕರಿನ ಅವಶ್ಯಕತೆ ಇರಲಿಲ್ಲ.

“ಏ ಇಕಿನ! ನಾ ಯಾವಾಗ ಗೊರಕಿ ಹೊಡದೇನ?”

ಇಡೀ ಅಂಗಳ ಸ್ಫೋಟಿಸಿತು. ಲಕ್ಷ್ಮೀದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಿವವ್ವ ನೆಲ ಬಡಿದು ನಕ್ಕಳು. “ಕೇಳೇತಿ! ಅಪ್ಪಗ ಕೇಳೇತಿ!” ಎಂದು ವಿದ್ಯಾವತಿ ಮೈಕು ಹಿಡಿದೇ ಕುಣಿದಳು, ಅದೂ ಮುಂಡಗೋಡದ ತನಕ ಕೇಳಿತು. ಕರಿಬಸಪ್ಪನಿಗೆ ತಾನು ಏನು ಒಪ್ಪಿಕೊಂಡೆನೆಂದು ಆಗಲೇ ಹೊಳೆದದ್ದು. ಕಟ್ಟೆ ಇಳಿದು, ಗಂಡಸರು ಬರಬಾರದ ಹೆಂಗಸರ ನಡುವೆ ದಾರಿ ಮಾಡಿಕೊಂಡು ನೇರ ಬಂದ. ಗಿರಿಜಾಬಾಯಿ ಅಡಿಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟಳು.

“ಗೊರಕಿ ಇರಲಿ,” ಎಂದ ಕರಿಬಸಪ್ಪ ದನಿ ಇಳಿಸಿ. “ಆ ಹೆಸರು ಬರತೈತೆಲಾ, ಅಷ್ಟು ಇನ್ನೊಮ್ಮೆ ಹೇಳು.”

ಆಕೆ ಹೇಳಿದಳು. ಅವನು ಮತ್ತೂ ಒಮ್ಮೆ ಹೇಳಿಸಿದ. ಲೈನ್‌ಮನ್ ಹೋಳಿಗೆ ಬಿಟ್ಟು ಚಪ್ಪಾಳೆ ತಟ್ಟಿದ.

ಆ ಮಧ್ಯಾಹ್ನವೇ ತಾಯವ್ವ ತನ್ನ ಮಗನ ಮದುವೆಗೆ ಬ್ಯಾಂಡ್ ಗೊತ್ತುಮಾಡಿದಳು. ಫಾರೆಸ್ಟ್ ಗಾರ್ಡು ವಿಸಿಟಿಂಗ್ ಕಾರ್ಡು ಇಸಿದುಕೊಂಡ. ವೀರೇಶ ಮೂಲೆಯಲ್ಲಿ ಕರೆದು, “ಮಾಮಾ, ಆ ಬೂಚು ಎಲ್ಲಿ ಸಿಗತಾವ?” ಎಂದು ಕೇಳಿದ. ದಾಂಡೇಲಿಯ ಶಿವಲಿಂಗಪ್ಪನ ಗಲ್ಲಾಪೆಟ್ಟಿಗೆಯ ಮೇಲೆ ಈಗ ಬಡೇಸೋಪಿನ ಬಟ್ಟಲಿನ ಪಕ್ಕ ಹಳದಿ ಬೂಚಿನ ಬಟ್ಟಲೂ ಇದೆ; ಹಾಕಿಕೊಳ್ಳದವರಿಗೆ ಅವನು ಸ್ಪೀಕರು ತೋರಿಸುವುದಿಲ್ಲ.

ವಾಪಸು ಬರುವಾಗ ಓಮ್ನಿಯಲ್ಲಿ ಮಹಾಬಳೇಶ್ವರ ಶುರು ಮಾಡಿದ. ಬೂಚಿನ ಪರೀಕ್ಷೆ ತಾನು ಹೇಗೆ ಮೊದಲೇ ಯೋಚಿಸಿದ್ದೆ, ಟ್ರಾನ್ಸ್‌ಫಾರ್ಮರ್ ಹೋಗುವುದು ತನಗೆ ಹೇಗೆ ಮುಂಚೆಯೇ ಗೊತ್ತಿತ್ತು, ಗೊರಕೆಯ ಒಡಪನ್ನು ಅತ್ತೆಗೆ ತಾನೇ ಹೇಗೆ ಸೂಚಿಸಿದ್ದೆ, ಒಂದೊಂದಾಗಿ ಬಿಡಿಸಿ ಹೇಳತೊಡಗಿದ. ಶಿವಯೋಗಿ, ಲಗಮಪ್ಪ ಇಬ್ಬರೂ ಅಂಗೈ ಕೆಳಕ್ಕೆ ಒತ್ತಿ ಒತ್ತಿ ಸೋತರು. ವಿದ್ಯಾವತಿ ಗಂಡನ ಅಂಗಿಯ ಜೇಬಿಗೆ ಕೈಹಾಕಿ, ಹಳದಿ ಬೂಚುಗಳನ್ನು ತೆಗೆದು, ಊದಿ, ತನ್ನ ಎರಡೂ ಕಿವಿಗೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು.

ಹಳಿಯಾಳ ದಾಟಿತು. ಅಕ್ಷರ ಅಕ್ಷರವೂ ಕೇಳುತ್ತಲೇ ಇತ್ತು. ಬೂಚು ದಾಟಿ ಬರುವ ಸ್ಪೀಕರು ಮನೆಯಲ್ಲಿ ಮದುವೆಯಾದ ದಿನದಿಂದಲೂ ಒಂದಿದೆ, ಅದಕ್ಕೆ ಕರೆಂಟೂ ಬೇಡ ಎಂಬುದು ಆಕೆಗೆ ಖಾತ್ರಿಯಾಯಿತು. ಕಿಟಕಿಯ ಗಾಜಿನಲ್ಲಿ ತನ್ನ ಮುಖ ತಾನೇ ನೋಡಿ ನಕ್ಕು, ಮೆಲ್ಲನೆ ಎದೆಯ ಮೇಲೆ ಕೈಯಿಟ್ಟುಕೊಂಡಳು.